ಹಿಂದಿನ ಚಕ್ರದ ಗಾಳಿ

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ಆನೆ ಅಂಬಾರಿಯ ಮಠವಲ್ಲ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಹುಣಸೆಮರ, ಹಿತ್ತಲಿನಿಂದ ನೀರಿಗಿಳಿಯುವ ಎಂಟು ಮೆಟ್ಟಿಲು. ಬೆಳಗಿನ ಹೊತ್ತು ಹೊಳೆಯ ಮಂಜು ಆ ಮೆಟ್ಟಿಲು ಹತ್ತಿ ಬಂದು, ಪಡಸಾಲೆಯಲ್ಲಿ ಭಕ್ತರ ಜೊತೆ ತಾನೂ ಕೂತುಕೊಳ್ಳುತ್ತಿತ್ತು.

ಮಠದಲ್ಲಿದ್ದವರು ಅಡವಯ್ಯಜ್ಜ. ಎಪ್ಪತ್ತು ದಾಟಿದ ಜೀವ. ಕಾವಿ ಉಡುವ ಮೊದಲು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಅದನ್ನವರು ಮುಚ್ಚಿಡುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ, ಅಷ್ಟೆ.

ಒಂದು ದಿನ ಆ ಅಂಗಳಕ್ಕೆ ದ್ಯಾಮಣ್ಣ ಬಂದ. ಮೋಟಾರ್ ಸೈಕಲ್ ಮೇಲೆ ಬಂದ. ಹಿಂದಿನ ಸೀಟಿನ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರ ಸುತ್ತ ಹಗ್ಗ, ಹಗ್ಗಕ್ಕೆ ಏಳೆಂಟು ಗಂಟು. ಪೆಟ್ಟಿಗೆಯೊಳಗೆ ಏನೂ ಇರಲಿಲ್ಲ.

"ಅಜ್ಜಾರ, ಸಂಸಾರ ಸಾಕಾತ್ರಿ," ಅಂದ. "ದೀಕ್ಷಾ ಕೊಡ್ರಿ."

ಅಜ್ಜ ಅವನನ್ನು ನೋಡಿದರು. ಗಾಡಿ ನೋಡಿದರು. ಗಾಡಿಯನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಕೊಡೂಣಂತ," ಅಂದರು. "ಮೊದಲ ಗಾಳಿ ನೋಡು."

ದ್ಯಾಮಣ್ಣನ ಎದೆ ಝಲ್ಲೆಂದಿತು. ಬಂದ ಕ್ಷಣಕ್ಕೇ ಉಪದೇಶ! ಉಸಿರನ್ನು ಗಮನಿಸು ಅಂತ ಎಷ್ಟು ಚಿಕ್ಕದಾಗಿ ಹೇಳಿಬಿಟ್ಟರು ಈ ಮಹಾತ್ಮರು! ಅವನು ಅಲ್ಲೇ ಹುಣಸೆಮರದ ಬುಡಕ್ಕೆ ಕೂತು ಕಣ್ಣು ಮುಚ್ಚಿದ.

ಮೂಗಿನಲ್ಲಿ ಗಾಳಿ ಬಂತು. ಹೋಯಿತು. ಮತ್ತೆ ಬಂತು.

ಅಜ್ಜ ಒಂದು ಗಳಿಗೆ ನಿಂತು ನೋಡಿ, ತಲೆ ಕೆರೆದುಕೊಂಡು, ಸ್ನಾನಕ್ಕೆ ಹೋದರು.

ಹೀಗೆ ಒಂದು ತಿಂಗಳು ನಡೆಯಿತು. ದ್ಯಾಮಣ್ಣ ಅಂಗಳ ಗುಡಿಸುತ್ತಿದ್ದ, ನೀರು ತರುತ್ತಿದ್ದ, ಪೇಟೆಗೆ ಹೋಗಿ ಮಠಕ್ಕೆ ಬೇಕಾದ ಸಾಮಾನು ತರುತ್ತಿದ್ದ. ದಿನಾ ಬೆಳಿಗ್ಗೆ ಅಜ್ಜ ಮೆಟ್ಟಿಲು ಹತ್ತಿ ಬರುವಾಗ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಗಾಳಿ ನೋಡಿದೇನು?"

"ನೋಡಿದೆ ಅಜ್ಜಾರ."

"ಹೆಂಗೈತಿ?"

"ಇವತ್ತು ಭಾಳ ಹಗುರ ಅನಿಸ್ತುರಿ."

"ಹಗುರ ಇದ್ರ ಆತೇನು?" ಅನ್ನುತ್ತ ಅಜ್ಜ ಒಳಗೆ ಹೋಗುತ್ತಿದ್ದರು. ದ್ಯಾಮಣ್ಣ ಆ ಮಾತನ್ನೂ ಇಡೀ ದಿನ ಮೆಲುಕು ಹಾಕುತ್ತಿದ್ದ.

ಅವನ ಕಥೆ ಇಷ್ಟು. ದ್ಯಾಮಣ್ಣ ಖಣ ಮಾರುವವನು. ಕುಪ್ಪಸಕ್ಕೆ ಹೊಲಿಸುವ ಆ ಅಂಚಿನ ಬಟ್ಟೆಯ ಗಂಟನ್ನು ಟ್ಯಾಂಕಿನ ಮೇಲಿಟ್ಟು, ಹೆಂಡತಿ ಶಂಕ್ರವ್ವನನ್ನು ಹಿಂದೆ ಕೂರಿಸಿಕೊಂಡು, ವಾರಕ್ಕೆ ಐದು ಸಂತೆ ಸುತ್ತುತ್ತಿದ್ದ. ಅವನು ಗಿರಾಕಿಯನ್ನು ಕೂಗಿ ಕರೆಯುವವನು, ಅವಳು ಬಣ್ಣ ಹೊಂದಿಸಿ ತೋರಿಸುವವಳು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಸಂತೆಯಿಂದ ಬರುವಾಗ ಅವಳು ಹಿಂದಿನಿಂದ ಏನೋ ಹೇಳುತ್ತಿದ್ದಳು, ಗಾಳಿಗೆ ಅರ್ಧ ಹಾರಿ ಹೋಗುತ್ತಿತ್ತು, ಉಳಿದರ್ಧಕ್ಕೆ ಇವನು ನಗುತ್ತಿದ್ದ.

ಆರು ತಿಂಗಳ ಹಿಂದೆ, ಜಿಟಿಜಿಟಿ ಮಳೆಯಲ್ಲಿ, ಕೆರೆ ಏರಿಯ ತಿರುವಿನಲ್ಲಿ ಗಾಡಿ ಬಿತ್ತು. ದ್ಯಾಮಣ್ಣನಿಗೆ ಮೊಣಕೈ ತರಚಿತು. ಶಂಕ್ರವ್ವನ ಎಡಗಾಲು ಎರಡು ಕಡೆ ಮುರಿಯಿತು.

ದವಾಖಾನೆಯಲ್ಲಿ ಅವಳಿಗೆ ಎಚ್ಚರವಾದಾಗ ಇವನು ಆಡಿದ ಮೊದಲ ಮಾತು, "ನೀ ಹಿಂದ ಅಳ್ಳಾಡಿದಿ. ಅದಕ್ಕ ಬಿದ್ದಿವಿ."

ಸುಳ್ಳು ಹೇಳಿರಲಿಲ್ಲ. ತಿರುವಿನಲ್ಲಿ ಹಿಂಬದಿ ಒಮ್ಮೆ ಹೊಯ್ದಾಡಿದ್ದು ಅವನ ಸೊಂಟಕ್ಕೆ ಚೆನ್ನಾಗಿ ತಿಳಿದಿತ್ತು. ಹಿಂದೆ ಕೂತವರು ಜಾಗ ಬದಲಿಸಿದರೆ ಹೇಗಾಗುತ್ತದೋ ಹಾಗೇ. ಬಂದವರಿಗೆಲ್ಲ ಅದನ್ನೇ ಹೇಳಿದ. ಅವಳ ಅಣ್ಣನಿಗೂ ಹೇಳಿದ, ಡಾಕ್ಟರಿಗೂ ಹೇಳಿದ.

ಶಂಕ್ರವ್ವ ವಾದ ಮಾಡಲಿಲ್ಲ. ಕಾಲು ನೆಲಕ್ಕೆ ಊರುವಂತಾದ ದಿನ ಕೋಲು ಹಿಡಿದುಕೊಂಡು ತವರಿಗೆ ಹೊರಟಳು. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಕಾಲಿನ ನೋವು ಹೊಕ್ಕೈತ್ರಿ. ನಿಮ್ಮ ಆ ಮಾತು ಹೋಗವಲ್ದು."

ಅದಾದ ಮೇಲೆ ಅವನು ಒಬ್ಬನೇ ಸಂತೆಗೆ ಹೋದ. ಬಣ್ಣ ಹೊಂದಿಸುವುದು ಬರಲಿಲ್ಲ. ಖಾಲಿಯಾದ ಹಿಂದಿನ ಸೀಟನ್ನು ನೋಡಲಾಗುತ್ತಿರಲಿಲ್ಲ. ಇನ್ನು ಯಾರನ್ನೂ ಅಲ್ಲಿ ಕೂರಿಸುವುದಿಲ್ಲ ಎಂದು ಪೆಟ್ಟಿಗೆ ಕಟ್ಟಿದ. ಆಮೇಲೆ ಮಠದ ದಾರಿ ಹಿಡಿದ.

ಇದರಲ್ಲಿ ಒಂದನ್ನೂ ಅವನು ಅಜ್ಜನಿಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅಜ್ಜ ಎಂದಿನಂತೆ ಗಾಡಿಯ ಪಕ್ಕ ಹಾದು ಬರುತ್ತ, ನಿಂತು ಹೇಳಿದರು. "ಮುಂದಿಂದು ಅಡ್ಡಿಯಿಲ್ಲ. ಹಿಂದಿಂದು ನೋಡು."

ದ್ಯಾಮಣ್ಣನ ಕೈಯಲ್ಲಿದ್ದ ಪೊರಕೆ ಜಾರಿತು. ಹಿಂದಿನದು! ಅಜ್ಜನಿಗೆ ಎಲ್ಲಾ ಗೊತ್ತಾಗಿದೆ. ಹೇಳದೆಯೇ ಗೊತ್ತಾಗಿದೆ.

ಆ ದಿನ ಅವನು ಕಣ್ಣು ಮುಚ್ಚಿ ಕೂತರೆ ಉಸಿರು ಕಾಣಲಿಲ್ಲ. ಕೆರೆ ಏರಿ ಕಂಡಿತು. ಮಧ್ಯಾಹ್ನ ಮರದ ಕೆಳಗೆ ಜೊಂಪು ಹತ್ತಿದಾಗ ಕನಸೂ ಬಿತ್ತು. ಕನಸಿನಲ್ಲಿ ಅವನ ಗಾಡಿ ಹೊಳೆಯ ನೀರಿನ ಮೇಲೆ ಸದ್ದಿಲ್ಲದೆ ಹೋಗುತ್ತಿತ್ತು. ಹಿಂದೆ ಶಂಕ್ರವ್ವ ಏನೋ ಹೇಳುತ್ತಿದ್ದಳು. ಅವಳ ಮಾತುಗಳು ಬಣ್ಣಬಣ್ಣದ ಖಣಗಳಾಗಿ ನೀರಿನ ಮೇಲೆ ಬಿಚ್ಚಿಕೊಂಡು ಹಿಂದೆ ಹಿಂದೆ ತೇಲಿ ಹೋಗುತ್ತಿದ್ದವು. ಅವನಿಗೆ ಒಂದನ್ನೂ ಹಿಡಿಯಲಾಗಲಿಲ್ಲ.

ಮರುದಿನ ಅಜ್ಜ ಕೇಳಿದರು. "ಹಿಂದಿಂದು ನೋಡಿದೇನು?"

"ಇಲ್ರಿ ಅಜ್ಜಾರ. ಅದನ್ನ ನೋಡಾಕ ಧೈರ್ಯ ಸಾಲವಲ್ದು."

ಅಜ್ಜ ಹುಬ್ಬೇರಿಸಿದರು. "ಅದಕ್ಕ ಧೈರ್ಯ ಯಾಕೋ? ಹೆಬ್ಬೆಟ್ಟು ಸಾಕು."

ಹೆಬ್ಬೆಟ್ಟು! ದ್ಯಾಮಣ್ಣ ಮೂರು ದಿನ ತನ್ನ ಹೆಬ್ಬೆಟ್ಟನ್ನೇ ನೋಡುತ್ತ ಕೂತ. ಕಾಲಿನದೋ ಕೈಯದೋ ಎಂಬುದೂ ಬಗೆಹರಿಯಲಿಲ್ಲ.

ನಾಲ್ಕನೆಯ ದಿನ ಅಜ್ಜ ಶಾಲು ಹೊದ್ದು ಅಂಗಳಕ್ಕೆ ಬಂದರು. ಆಚೆ ಊರಿನಲ್ಲಿ ಒಂದು ತೊಟ್ಟಿಲಿನ ಕಾರ್ಯಕ್ರಮವಿತ್ತು. ಕೂಸಿಗೆ ಹೆಸರಿಡಬೇಕು.

"ಗಾಡಿ ತಗಿ. ನನ್ನ ಬಿಟ್ಟು ಬಾ."

"ಅಜ್ಜಾರ, ಹಿಂದ ಪೆಟಗಿ ಐತ್ರಿ."

"ಬಿಚ್ಚು."

"ನಾ ಯಾರನ್ನೂ ಹಿಂದ ಕೂಡಿಸಂಗಿಲ್ರಿ."

ಅಜ್ಜ ತಾವೇ ಕೂತು ಹಗ್ಗದ ಗಂಟು ಬಿಚ್ಚತೊಡಗಿದರು. ಲಾರಿಯ ಹೊರೆ ಬಿಗಿದ ಕೈಗಳು. ಏಳೆಂಟು ಗಂಟು ಅವಕ್ಕೆ ಏನು ಮಹಾ? ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದು ನೋಡಿದರು.

"ಏನಿಲ್ಲಲ್ಲೋ ಇದರಾಗ?"

"ಏನಿಲ್ರಿ."

"ಏನಿಲ್ಲದ್ದನ್ನ ಇಷ್ಟು ಬಿಗಿ ಕಟ್ಟಿದ್ದೇನು?" ಅಂದು ಅವರು ಹಿಂದೆ ಕೂತೇಬಿಟ್ಟರು.

ದ್ಯಾಮಣ್ಣ ಗಾಡಿ ಚಾಲು ಮಾಡಿದ. ಹೊಳೆಯ ದಂಡೆಯ ಹಾದಿ ಸ್ವಲ್ಪ ದೂರ ನೇರವಿದೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಮುಂದಿನ ಗಿಡಗಳು ಒಂದೊಂದಾಗಿ ಕಾಣುತ್ತ ಬರುತ್ತಿದ್ದವು. ಹಿಂದೆ ಅಜ್ಜನ ಭಾರ. ಭಾರವೂ ಅಲ್ಲ, ಒಣಗಿದ ಜೀವ. ಆದರೂ ಗಾಡಿ ತನ್ನ ಗಾಡಿಯಂತಿರಲಿಲ್ಲ.

ಹಾದಿ ಎಡಕ್ಕೆ ತಿರುಗಿತು. ಗಾಡಿ ಮೊದಲು ಬಗ್ಗಲೊಲ್ಲೆ ಅಂದಿತು. ಒತ್ತಿ ಬಗ್ಗಿಸಿದರೆ ಒಮ್ಮೆಲೇ ಬಗ್ಗಿತು. ಹಿಂಬದಿ ಅತ್ತ ಒಮ್ಮೆ, ಇತ್ತ ಒಮ್ಮೆ ಹೊಯ್ದಾಡಿತು.

ಅದೇ! ಅವನ ಸೊಂಟಕ್ಕೆ ಗುರುತು ಸಿಕ್ಕಿತು.

"ಅಜ್ಜಾರ, ಅಳ್ಳಾಡಬ್ಯಾಡ್ರಿ!" ಅಂತ ಚೀರಿದ.

ಹಿಂದಿನಿಂದ ಸಮಾಧಾನದ ದನಿ ಬಂತು. "ನಾ ಅಳ್ಳಾಡಿಲ್ಲೋ."

ವೇಗವಿರಲಿಲ್ಲ. ಹಾದಿಯ ಬದಿಗೆ ಹೊಳೆಯ ಮರಳಿತ್ತು. ಗಾಡಿ ಮರಳಿಗೆ ಹೋಗಿ ಮಲಗಿತು. ಇಬ್ಬರೂ ಬಿದ್ದರು ಅನ್ನುವುದಕ್ಕಿಂತ ಕೂತರು ಅನ್ನಬಹುದು.

ಅಜ್ಜ ಶಾಲಿನ ಮರಳು ಕೊಡವಿದರು. ಮೈಕೈ ನೆಟ್ಟಗಿತ್ತು. ನೋಡಿದರೆ ನಗುತ್ತಿದ್ದರು.

"ದಿನಾ ಗಾಳಿ ನೋಡಿದೆ, ನೋಡಿದೆ ಅಂತಿದ್ದೆಲ್ಲೋ?"

"ನೋಡೀನ್ರಿ ಅಜ್ಜಾರ! ತಪ್ಪದ ನೋಡೀನಿ. ಬಲದ ಮೂಗಿನಾಗ ಬರೂದು, ಎಡದ ಮೂಗಿನಾಗ ಹೋಗೂದು..."

ಅಜ್ಜನ ನಗು ನಿಂತಿತು. ಅವನ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

"ಹುಚ್ಚಪ್ಪಾ! ನಾ ಟೈರಿನ ಗಾಳಿ ಕೇಳಿದ್ದೋ!"

ದ್ಯಾಮಣ್ಣ ಮಲಗಿದ್ದ ಗಾಡಿಯ ಕಡೆ ತಿರುಗಿದ.

"ಮತ್ತ ಹಿಂದಿಂದು ನೋಡು ಅಂದಿದ್ರಿ?"

"ಹಿಂದಿನ ಚಕ್ರಾ."

"ಹೆಬ್ಬೆಟ್ಟು?"

ಅಜ್ಜ ಅವನ ಕೈ ಹಿಡಿದು, ಹೆಬ್ಬೆಟ್ಟನ್ನು ಹಿಂದಿನ ಟೈರಿನ ಮೇಲಿಟ್ಟು ಒತ್ತಿಸಿದರು. ಹಣ್ಣಾದ ಟೊಮೆಟೊ ಒತ್ತಿದಂತೆ ಬೆರಳು ಒಳಗೆ ಹೋಯಿತು.

ಅವನು ಬೆರಳು ತೆಗೆಯಲಿಲ್ಲ. ಮರಳಿನಲ್ಲಿ ಕೂತೇ ಇದ್ದ. ಹೊಳೆಯ ಮೇಲೆ ಒಂದು ಬೆಳ್ಳಕ್ಕಿ ಮಂಜಿನಿಂದ ಹೊರಗೆ ಬಂದು ಮತ್ತೆ ಮಂಜಿನೊಳಗೆ ಹೋಯಿತು.

"ಅಜ್ಜಾರ," ಅಂದ. "ನೀವು ಖರೇನ ಅಳ್ಳಾಡಲಿಲ್ಲರಿ?"

"ಕಲ್ಲು ಕುಂತಂಗ ಕುಂತಿದ್ದೆ."

"ಆದರ ನನಗ ನೀವು ಅಳ್ಳಾಡಿದಂಗ ಅನಿಸ್ತು."

"ಹಿಂದ ಗಾಳಿ ಕಮ್ಮಿ ಇದ್ದು ಮ್ಯಾಲ ಭಾರ ಬಿದ್ರ ಟೈರು ತಿರುವಿನಾಗ ಮಗ್ಗಲಾ ಬದಲಿಸತೈತಿ. ಮುಂದಿದ್ದಾಂವಗ ಹಿಂದ ಕುಂತಾವರು ಹೊಳ್ಳಿ ಕುಂತಂಗ ಅನಿಸತೈತಿ. ಲಾರಿ ಓಡಿಸೂ ಮುಂದ ನಾನೂ ಎಷ್ಟೋ ಸಲ ಕ್ಲೀನರಗ ಬೈದೀನಿ, ಹೊರಿ ಸಡ್ಲ ಕಟ್ಟೀದಿ ಅಂತ."

ಆಗ ದ್ಯಾಮಣ್ಣ ಅತ್ತ. ಗಂಡಸು ಸಾಮಾನ್ಯವಾಗಿ ಅಳುವ ಹಾಗಲ್ಲ. ಬಾಯಿ ಬಿಟ್ಟು, ಮಕ್ಕಳ ಹಾಗೆ ಅತ್ತ. ಅಳುತ್ತಲೇ ಎಲ್ಲಾ ಹೇಳಿದ. ಕೆರೆ ಏರಿ, ಮಳೆ, ಎರಡು ಕಡೆ ಮುರಿದ ಕಾಲು, ದವಾಖಾನೆಯಲ್ಲಿ ತಾನು ಆಡಿದ ಮಾತು.

"ಆಕಿ ಅಳ್ಳಾಡಿದ್ದಲ್ರಿ. ಆಕಿ ಅಳ್ಳಾಡಿದ್ದ ಅಲ್ಲ."

ಅಜ್ಜ ಶಾಲಿನ ಅಂಚನ್ನು ಅವನ ಕೈಗೆ ಕೊಟ್ಟರು.

"ಮತ್ತೊಂದೈತ್ರಿ. ಈಗ ನೆನಪಾಗಾಕತ್ತೈತಿ. ಅವತ್ತ ಹೊರಡೂ ಮುಂದ ಆಕಿ ಹೇಳಿದ್ಲು, 'ಗಾಳಿ ನೋಡ್ರಿ, ಯಾಕೋ ಮೆತ್ತಗನಿಸತೈತಿ' ಅಂತ. ನಾ, 'ಏ, ನಿನಗೇನು ತಿಳೀತೈತಿ, ಕುಂಡ್ರು' ಅಂದಿದ್ದೆ." ಅವನು ಕಣ್ಣೊರೆಸಿಕೊಂಡ. "ಅಜ್ಜಾರ, ನೀವೂ ದಿನಾ ಅದ ಮಾತು ಕೇಳಿದ್ರಿ. ನಿಮಗ ಹೆಂಗ ತಿಳೀತು?"

"ನನಗೇನು ತಿಳೀತೈತೋ? ಟೈರು ಮೆತ್ತಗ ಕಂಡಿತು, ಕೇಳಿದೆ."

"ನಾ ಈಗಿಂದೀಗ ಆಕಿ ಹಂತೇಕ ಹೋಗತೀನ್ರಿ. ಗಾಳಿ ತುಂಬಿಸಿಕೊಂಡು ಹಿಂಗ ಹೋಗತೀನಿ."

ಅಜ್ಜ ಎದ್ದು ನಿಂತರು. "ಓಡಿದ ಟೈರು ಬಿಸಿ ಇರತೈತಿ. ಬಿಸಿ ಟೈರಿನಾಗ ಗಾಳಿ ನೋಡಿದ್ರ ಇದ್ದದ್ದಕ್ಕಿಂತ ಹೆಚ್ಚು ತೋರಿಸತೈತಿ. ನಾಳೆ ತಂಪೊತ್ತಿನಾಗ ನೋಡು. ಈಗ ನಡಿ, ಕೂಸು ಹೆಸರಿಲ್ಲದ ಅಳಾಕತ್ತಿರತೈತಿ."

ಇಬ್ಬರೂ ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋದರು.

ಮರುದಿನ ಮುಂಜಾನೆ ಅಜ್ಜ ಗಾಡಿಯನ್ನು ಹಿತ್ತಲಿಗೆ ತರಿಸಿದರು. ಮೆಟ್ಟಿಲು ಶುರುವಾಗುವಲ್ಲಿ ಬಟ್ಟೆ ಒಗೆಯುವ ಅಗಲ ಹಾಸುಗಲ್ಲು ಒಂದಿತ್ತು, ಒಣಗಿತ್ತು. ಅಜ್ಜ ಒಂದು ತಂಬಿಗೆ ನೀರನ್ನು ಹಿಂದಿನ ಚಕ್ರದ ಮೇಲೆ ಹನಿಸಿದರು.

"ಮ್ಯಾಲ ಕುಂತು ಕಲ್ಲಿನ ಮ್ಯಾಲ ನಿಧಾನ ದಾಟಿಸು."

ದಾಟಿಸಿದ. ಕಲ್ಲಿನ ಮೇಲೆ ಒದ್ದೆ ಪಟ್ಟಿ ಮೂಡಿತು. ಎರಡೂ ಅಂಚು ಕಪ್ಪಗೆ, ನಡುವೆ ಮಾಸಲು. ನೋಡುತ್ತಿದ್ದ ಹಾಗೇ ಆರಿಹೋಯಿತು.

ಮಠದಲ್ಲಿ ಭಕ್ತರ ಸೈಕಲ್ಲುಗಳಿಗೆಂದು ಇಟ್ಟಿದ್ದ ಕಾಲು ಪಂಪು ಒಂದಿತ್ತು. ಅಜ್ಜ ಅದನ್ನು ತಂದು ಕೊಟ್ಟರು. "ತುಳಿ."

ದ್ಯಾಮಣ್ಣ ತುಳಿದ. ಇಷ್ಟು ದಿನದ ತಪ್ಪನ್ನೆಲ್ಲ ಒಂದೇ ಸಲ ತುಂಬಿಬಿಡುವವನ ಹಾಗೆ ತುಳಿದ. ಟೈರು ಕಲ್ಲಿನಂತಾಯಿತು.

"ಈಗ ದಾಟಿಸು."

ಈ ಸಲ ನಡುವೆ ಒಂದೇ ಒಂದು ಸಣ್ಣ ಗೆರೆ ಬಿತ್ತು, ದಾರದಷ್ಟು. ಕಲ್ಲಿನ ಸಂದಿನಲ್ಲಿ ಗಾಡಿ ಪುಟಿಯಿತು.

"ಹೆಚ್ಚಾದ್ರ ನೆಲಾನ ಹಿಡಿಯಂಗಿಲ್ಲ, ನೋಡು. ಅರ್ಧ ತಗಿ."

ತೆಗೆದ. ಮತ್ತೆ ತುಂಬಿದ. ಮತ್ತೆ ತೆಗೆದ. ಕಡೆಗೊಮ್ಮೆ ಅಂಗೈ ಅಗಲದ ಗುರುತು ಬಿತ್ತು, ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮ.

ಅಜ್ಜ ಆ ಗುರುತಿನ ಪಕ್ಕ ತಮ್ಮ ಅಂಗೈ ಊರಿದರು. "ನಿನ್ನ ಗಾಡಿ, ನೀನು, ನಿನ್ನ ಖಣದ ಗಂಟು, ಹಿಂದ ಕುಂತ ಜೀವ, ಎಲ್ಲಾ ನೆಲಾ ಮುಟ್ಟೂದು ಇಷ್ಟ. ಮುಂದೊಂದು ಅಂಗೈ, ಹಿಂದೊಂದು ಅಂಗೈ."

ದ್ಯಾಮಣ್ಣ ಕಲ್ಲಿನ ಮೇಲಿನ ಗುರುತನ್ನು ನೋಡಿದ. "ಗೆರಿ ಬಿದ್ದಿಲ್ಲಲ್ರಿ ಅಜ್ಜಾರ? ಬರೇ ಬೋಳು ಕಾಣತೈತಿ."

"ಟೈರಿನಾಗಿದ್ರ ಕಲ್ಲಿನ ಮ್ಯಾಲ ಬಿದ್ದಾವು." ಅಜ್ಜ ಟೈರಿನ ಅಗಲಕ್ಕೆ ಬೆರಳಾಡಿಸಿದರು. "ನಡು ಸವದು ರೊಟ್ಟಿ ಹಲಗಿ ಆಗೇತಿ. ಭಾಳ ವರ್ಷ ನೆಟ್ಟಗಿನ ಹಾದ್ಯಾಗ ಓಡಿಸೀದಿ ಹೌದಿಲ್ಲೋ? ಅದಕ್ಕ ಬಗ್ಗೂದು ಮರತೈತಿ. ಒತ್ತಿ ಬಗ್ಗಿಸಿದ್ರ ಒಮ್ಮೆಲೆ ಬೀಳತೈತಿ."

"ಗೆರಿ ಯಾಕ ಬೇಕ್ರಿ?"

"ಮಳ್ಯಾಗ ನೀರು ಹೋಗಾಕ ದಾರಿ ಬ್ಯಾಡೇನು? ದಾರಿ ಇಲ್ಲಂದ್ರ ನೀರು ಟೈರಿನ ಅಡಿಗೇ ನಿಂತು ಅದನ್ನ ನೆಲದಿಂದ ಎತ್ತತೈತಿ."

ಕೆರೆ ಏರಿಯ ಮಳೆ ದ್ಯಾಮಣ್ಣನ ಕಣ್ಣ ಮುಂದೆ ಬಂತು. ನಿನ್ನೆ ಮರಳಿನಲ್ಲಿ ಕೂತು ಅತ್ತದ್ದು ನೆನಪಾಗಿ ಅವನಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

"ಇನ್ನಷ್ಟು ಗಾಳಿ ಹಾಕಿ ಇದನ್ನ ನಡಸಬೋದೇನ್ರಿ?"

"ಗಾಳಿ ಹಾಕಿದ್ರ ಗಾಳಿ ತುಂಬತೈತಿ. ಗೆರಿ ಹೊಳ್ಳಿ ಬರಂಗಿಲ್ಲ. ಬದಲಿಸು."

ಚಕ್ರ ಬಿಚ್ಚಿ ಹೆಗಲ ಮೇಲೆ ಹೊತ್ತು ಅವನು ಬಸ್ಸಿಗೆ ಪೇಟೆಗೆ ಹೋದ. ಬಸ್ಸಿನವರೆಲ್ಲ ನೋಡಿದರು. ಟೈರಿನ ಅಂಗಡಿಯವನು ಹಳೆಯದನ್ನು ಕಳಚಿ ಹೊಸದನ್ನು ತೊಡಿಸಿ, ಗಾಳಿಯ ಪೈಪು ಕೈಗೆತ್ತಿಕೊಂಡು, ದಿನಕ್ಕೆ ನೂರು ಸಲ ಕೇಳುವ ಮಾತನ್ನು ಕೇಳಿದ.

"ಸಿಂಗಲ್ಲೋ, ಡಬಲ್ಲೋ?"

ಒಬ್ಬನೇ ಓಡಾಡುವವನಿಗೆ ಇಪ್ಪತ್ತೆಂಟು ಪೌಂಡು ಗಾಳಿ, ಹಿಂದೆ ಇನ್ನೊಬ್ಬರು ಕೂರುವುದಾದರೆ ಮೂವತ್ತೆರಡು. ಇಷ್ಟೇ ಲೆಕ್ಕ. ದ್ಯಾಮಣ್ಣ ಹೊಸ ಟೈರಿನ ಗೆರೆಗಳ ಮೇಲೆ ಬೆರಳಾಡಿಸುತ್ತ ನಿಂತ. ಅಂಗಡಿಯವನು ಎರಡು ಸಲ ಕೇಳಿ, ಬೇಸತ್ತು, ಇಪ್ಪತ್ತೆಂಟು ಹಾಕಿ ಕಳಿಸಿದ.

ಸಂಜೆ ಅಜ್ಜ ಕೇಳಿದರು. "ಎಷ್ಟು ಹಾಕಿಸಿಕೊಂಡು ಬಂದಿ?"

"ಸಿಂಗಲ್ಲಿಗೆ ಹಾಕ್ಯಾರ್ರಿ. ಅಂವ ಕೇಳಿದ, ನನಗ ಬಾಯಿ ಬರಲಿಲ್ಲ. ಆಕಿ ಬರತಾಳೋ ಇಲ್ಲೋ. ಬಂದ್ರ ಹತ್ತತಾಳೋ ಇಲ್ಲೋ."

"ಹೌದಲ್ಲ," ಅಂದರು ಅಜ್ಜ. ಅಷ್ಟೇ ಅಂದರು.

ಬೆಳಗಾಯಿತು. ಗಾಡಿ ಹೊರಡಲು ನಿಂತಿತು. ಅಜ್ಜ ಕಾಲು ಪಂಪನ್ನೂ, ಗಾಳಿ ಅಳೆಯುವ ಪೆನ್ನಿನಂಥ ಕಡ್ಡಿಯನ್ನೂ ತಂದು ಗಾಡಿಯ ಮಗ್ಗುಲಿಗೆ ಬಿಗಿದರು. ಆ ಪೆಟ್ಟಿಗೆಯ ಹಗ್ಗದಿಂದಲೇ ಬಿಗಿದರು.

"ಹಾದಿಯಾಗ ಬಂಕ್ ಅದಾವಲ್ರಿ ಅಜ್ಜಾರ. ಗಾಳಿ ಸಿಗತೈತಿ."

"ಸಿಗತೈತಿ. ಬಂಕ್ ಆಕಿ ಮನಿ ಮುಂದ ಇಲ್ಲಲ್ಲ." ಮತ್ತೆ ಅವನ ಭುಜ ತಟ್ಟಿದರು. "ಹೊಸಾ ಟೈರಿನ ಮ್ಯಾಲ ಎಣ್ಣಿ ಪಸೆ ಇರತೈತಿ. ಮೊದಮೊದಲ ಜಾರತೈತಿ. ಹೊಸದೈತಿ ಅಂತ ಜಿಗದಾಡಬ್ಯಾಡ, ಸಾವಕಾಶ ಹೋಗು."

ಹಳೆಯ ಟೈರನ್ನು ಅಜ್ಜ ಹುಣಸೆಯ ಕೊಂಬೆಗೆ ತೂಗುಬಿಟ್ಟಿದ್ದರು. ದ್ಯಾಮಣ್ಣ ತಿರುಗಿ ನೋಡಿದಾಗ ಅದು ಮಂಜಿನಲ್ಲಿ ತಾನೇ ತಾನಾಗಿ ತೂಗುತ್ತಿತ್ತು.

ಶಂಕ್ರವ್ವನ ತವರಿನ ಮುಂದೆ ಗಾಡಿ ನಿಂತಾಗ ಬಿಸಿಲು ಏರುತ್ತಿತ್ತು. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ಕೋಲು ಪಕ್ಕದಲ್ಲಿತ್ತು. ಏಳಲಿಲ್ಲ.

ದ್ಯಾಮಣ್ಣ ದಾರಿಯುದ್ದಕ್ಕೂ ಹತ್ತು ಮಾತು ಹೊಂದಿಸಿಕೊಂಡು ಬಂದಿದ್ದ. ಒಂದೂ ಉಳಿಯಲಿಲ್ಲ.

"ನೀ ಅಳ್ಳಾಡಿದ್ದಿಲ್ಲ," ಅಂದ.

ಅವಳು ಮೊರದ ಜೋಳದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ನನಗ ಗೊತ್ತೈತ್ರಿ."

"ಗಾಳಿ ಇದ್ದಿಲ್ಲ. ಟೈರೂ ಸವದಿತ್ತು. ನೀ ಹೇಳಿದ್ದಿ. ನಾ ಕೇಳಲಿಲ್ಲ."

"ಅದೂ ಗೊತ್ತೈತಿ. ನಿಮಗ ಗೊತ್ತಾಗಲಿ ಅಂತ ಕುಂತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಬಾ ಅಂತ ಕರೆಯಲು ಅವನಿಗೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಬೇಕು? ನೀರು ಕೇಳಿ ಕುಡಿದ. ಹುಣಸೆಮರದ ಮಾತು, ಹೊಳೆಯ ಮಾತು, ಮೂಗಿನ ಗಾಳಿ ನೋಡುತ್ತ ತಿಂಗಳು ಕಳೆದ ಮಾತು ಹೇಳಿದ. ಅಲ್ಲಿ ಮಾತ್ರ ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು. ಅಷ್ಟು ಹೊತ್ತಿಗೆ ಟೈರು ತಣ್ಣಗಾಗಿತ್ತು. ಅವನು ಎದ್ದು ಹೋಗಿ ಹಗ್ಗ ಬಿಚ್ಚಿ, ಪಂಪಿನ ಪೈಪನ್ನು ಹಿಂದಿನ ಚಕ್ರಕ್ಕೆ ಸಿಕ್ಕಿಸಿ ತುಳಿಯತೊಡಗಿದ.

ಅವಳು ಕೂತಲ್ಲಿಂದಲೇ ನೋಡುತ್ತಿದ್ದಳು.

"ಎಷ್ಟಕ್ಕ ಹಾಕಾಕತ್ತೀರಿ?"

"ಮೂವತ್ತೆರಡು."

"ಡಬಲ್ ಗಾಳಿ ಅಲ್ರೀ ಅದು? ಯಾರು ಬರತಾರ?"

ಅವನು ತಲೆ ಎತ್ತಲಿಲ್ಲ. "ಯಾರೂ ಬರದಿದ್ರ ತಗದು ಹೊಕ್ಕೀನಿ."

ಪಂಪಿನ ಸದ್ದು ನಿಂತಿತು. ಬೀದಿಯಲ್ಲಿ ಯಾರದೋ ಎಮ್ಮೆ ಹಾದುಹೋಯಿತು. ಶಂಕ್ರವ್ವ ಕೋಲು ಊರಿ ಎದ್ದು ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ಬಹಳ ಹೊತ್ತು ಆಕೆ ಬರಲಿಲ್ಲ. ದ್ಯಾಮಣ್ಣನ ಕೈ ಗಾಳಿ ಬಿಡುವ ಪಿನ್ನಿನ ಹತ್ತಿರ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

ಅವಳು ಬಂದಳು. ಹೆಗಲಿಗೆ ಬಟ್ಟೆಯ ಚೀಲವಿತ್ತು. ಗಾಡಿಯ ಹತ್ತಿರ ಬಂದು, ಬಗ್ಗಿ, ಹಿಂದಿನ ಟೈರಿನ ಮೇಲೆ ಹೆಬ್ಬೆಟ್ಟು ಒತ್ತಿದಳು. ಯಾರೂ ಕಲಿಸಿರಲಿಲ್ಲ ಅವಳಿಗೆ.

"ಇನ್ನೊಂದು ನಾಕು ತುಳೀರಿ."

ತುಳಿದ. ಕಡ್ಡಿ ಇಟ್ಟು ನೋಡಿದರೆ ಮೂವತ್ತೆರಡಕ್ಕೆ ಸರಿಯಾಗಿತ್ತು.

"ಹೊಳೀತನಕ ಬರತೀನಿ," ಅಂದಳು. "ಮುಂದಿಂದು ಆಮ್ಯಾಲ ನೋಡೂಣು."

ದಾರಿಯಲ್ಲಿ ಅವಳು ಕೋಲನ್ನು ತೊಡೆಯ ಮೇಲೆ ಅಡ್ಡ ಹಿಡಿದು ಕೂತಿದ್ದಳು. ಕೆರೆ ಏರಿ ಬಂತು. ಇಬ್ಬರಿಗೂ ಅದು ಬಂದದ್ದು ಗೊತ್ತು. ಕೆರೆಯ ನೀರು ಕದಲದೆ ಹೊಳೆಯುತ್ತಿತ್ತು. ಅವನು ವೇಗ ಇಳಿಸಿದ. ಅವಳ ಕೈ ಅವನ ಹೆಗಲ ಮೇಲೆ ಬಂದು ಕೂತಿತು. ಹೆದರಿ ಹಿಡಿದ ಕೈ, ಬೆರಳು ಒತ್ತುತ್ತಿದ್ದವು. ತಿರುವಿಗೆ ಗಾಡಿ ಬಗ್ಗಿತು, ಮೆಲ್ಲಗೆ, ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ. ಮತ್ತೆ ನೇರವಾಯಿತು. ಹಿಂದೆ ಏನೂ ಹೊಯ್ದಾಡಲಿಲ್ಲ.

ಏರಿ ದಾಟಿದ ಮೇಲೂ ಕೈ ಹೆಗಲ ಮೇಲೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಹಿಂದಿನಿಂದ ಏನೋ ಅಂದಳು. ಗಾಳಿಗೆ ಅರ್ಧ ಹಾರಿಹೋಯಿತು. ದ್ಯಾಮಣ್ಣ ಗಾಡಿ ನಿಲ್ಲಿಸಿ, ಹಿಂತಿರುಗಿ, ಏನಂದೆ ಅಂತ ಕೇಳಿದ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.

"ಏನಿಲ್ಲ," ಅಂದಳು. "ಬಿಸಿಲು ಭಾಳ ಐತಿ ಅಂದೆ."

ಮಠದ ಅಂಗಳಕ್ಕೆ ಅವರು ಬಂದಾಗ ಹೊಳೆಯ ಕಡೆಯಿಂದ ತಂಪು ಬೀಸುತ್ತಿತ್ತು. ಕೊಂಬೆಯಲ್ಲಿ ಹಳೆಯ ಟೈರು ತೂಗುತ್ತಿತ್ತು. ಅಜ್ಜ ಮೆಟ್ಟಿಲು ಹತ್ತಿ ಬಂದರು.

ದ್ಯಾಮಣ್ಣ ಕಾಲಿಗೆ ಬಿದ್ದ. ಎದ್ದಾಗ ಅವನ ಮುಖ ಹಿಗ್ಗಿನಿಂದ ಹೊಳೆಯುತ್ತಿತ್ತು.

"ಅಜ್ಜಾರ, ಹಿಂದಿಂದು ನೋಡಿದೆ. ಮುಂದಿಂದೂ ನೋಡಿದೆ. ಕೆರಿ ಏರಿ ಮ್ಯಾಲ ಗಾಡಿ ಒಂದು ಚೂರೂ ಅಳ್ಳಾಡಲಿಲ್ರಿ. ನಾ ಕಲತಂಗಾತಿಲ್ರಿ? ಇನ್ನರ ಒಂದು ಉಪದೇಶ ಕೊಡ್ರಿ."

ಅಜ್ಜ ಬಗ್ಗಿ ಹಿಂದಿನ ಟೈರಿನ ಮೇಲೆ ಕೈ ಇಟ್ಟರು. ಓಡಿ ಬಂದ ಟೈರು, ಬಿಸಿಯಾಗಿತ್ತು. ಕೈ ತೆಗೆದು, ಕೋಲು ಊರಿ ನಿಂತಿದ್ದ ಶಂಕ್ರವ್ವನ ಕಡೆ ತಿರುಗಿದರು.

"ಇಂವ ಹೇಳಿದ್ದು ಕೇಳಿದೆ. ಹಿಂದ ಕುಂತು ಬಂದಾಕಿ ನೀನು. ನೀ ಹೇಳವ್ವಾ, ಮುಂದ ಕುಂತಾಂವ ಅಳ್ಳಾಡಿದನೇನು?"